ಮೂರೆಲೆಯ ಪುಟ

ಪ್ರೀತಿಯ ಚಿನಕುರಳಿಗೆ,

ಈ ಹೆಸರಿನಿಂದ ನಿನ್ನನ್ನು ಯಾರಾದರೂ ಕರೆದು ಹನ್ನೆರಡು ವರ್ಷವಾಗಿರಬೇಕು. ಈಗ ನಿನಗೆ ಇಪ್ಪತ್ತೆರಡು ತುಂಬಿದೆ, ಕೆಲಸಕ್ಕೂ ಸೇರಿದ್ದೀಯಂತೆ. ಇಂಥ ಹೆಸರು ನೋಡಿ ಹುಬ್ಬು ಗಂಟಿಕ್ಕುತ್ತೀಯೇನೋ. ಏನು ಮಾಡಲಿ, ನನ್ನ ಬಾಯಿಗೆ ಬೇರೆ ಹೆಸರು ಬರುವುದಿಲ್ಲ. ನಾಲ್ಕನೇ ತರಗತಿಯ ಮೂವತ್ತೊಂದು ಮಕ್ಕಳಲ್ಲಿ, ಲೈಬ್ರರಿಯ ಬಾಗಿಲು ದಾಟುವ ಮೊದಲೇ ಮಾತು ಶುರು ಮಾಡಿ ಗಂಟೆ ಹೊಡೆದ ಮೇಲೂ ನಿಲ್ಲಿಸದವಳು ನೀನೊಬ್ಬಳೇ. ನಾನು ನಿನ್ನ ಲೈಬ್ರರಿ ಮಿಸ್. ಬಳೆ ಸದ್ದಾದರೂ ‘ಶ್’ ಎನ್ನುತ್ತಿದ್ದ, ಕೈ ತೊಳೆಯದೆ ಕೀಬೋರ್ಡ್ ಮುಟ್ಟಿದರೆ ಕಣ್ಣು ಕೆಕ್ಕರಿಸುತ್ತಿದ್ದ ಅದೇ ಮಿಸ್.

ಹೋದ ವಾರ ಕನ್ನಡಕದ ಅಂಗಡಿಯಲ್ಲಿ ನಿನ್ನ ಅಪ್ಪ ಸಿಕ್ಕಿದರು. ಯಾವುದೋ ಕಚೇರಿ ಕೆಲಸಕ್ಕೆ ಈ ಊರಿಗೆ ಬಂದಿದ್ದರಂತೆ. ತಲೆ ಪೂರಾ ಬೆಳ್ಳಗಾಗಿದೆ, ಮೊದಲು ಗುರುತೇ ಹತ್ತಲಿಲ್ಲ. ನಿನ್ನ ವಿಷಯ ಕೇಳಿದೆ. ನಿನ್ನ ಕೆಲಸ, ನಿನ್ನ ಓದು ಎಂದು ಸ್ವಲ್ಪ ಹೊತ್ತು ಹೆಮ್ಮೆಯಿಂದ ಹೇಳಿದರು. ಆಮೇಲೆ ಕೈಯಲ್ಲಿದ್ದ ಫ್ರೇಮನ್ನು ತಿರುಗಿಸುತ್ತಾ ಹೇಳಿದರು: “ಅವಳಮ್ಮನ ಫೋಟೋ ಇರೋ ಕೋಣೆಗೆ ಅವಳು ಕಾಲಿಡಲ್ಲ ಮಿಸ್. ಅಮ್ಮನ ಮಾತೆತ್ತಿದ್ರೆ ಎದ್ದು ಹೋಗ್ತಾಳೆ. ಅವಳು ಹೇಳೋದು ಒಂದೇ. ಅಮ್ಮನಿಗೆ ಎಲ್ಲಾ ಗೊತ್ತಿತ್ತು, ಕೊನೇವರೆಗೂ ನನ್ನ ಮುಖ ನೋಡ್ಕೊಂಡೇ ಸುಳ್ಳು ಹೇಳಿದ್ಲು, ಮಗಳಿಗೊಂದು ಮಾತು ಹೇಳ್ಬೇಕು ಅಂತ ಅವಳಿಗೆ ಅನ್ನಿಸ್ಲೇ ಇಲ್ಲ ಅಂತಾಳೆ.”

ಅಂಗಡಿಯವನು ಯಾವುದೋ ಗಾಜನ್ನು ಕಣ್ಣಿಗಿಟ್ಟು ಅಕ್ಷರ ಓದಿ ಅಂದ. ಏನೂ ಕಾಣಲಿಲ್ಲ. ನಿನ್ನ ಅಪ್ಪನಿಗೆ ಅಲ್ಲಿಯೇ, ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ನಿನಗೊಂದು ಪುಸ್ತಕ ಕಳಿಸಬೇಕೆಂದು ನೆಪ ಹೇಳಿ ಅಂಗಡಿಯ ರಸೀದಿಯ ಹಿಂದೆ ನಿನ್ನ ವಿಳಾಸ ಬರೆಸಿಕೊಂಡು ಬಂದೆ. ನಾನು ಎಂಥ ಪುಕ್ಕಲಿ ಎಂಬುದು ನಿನಗೆ ಇದರಿಂದಲೇ ಗೊತ್ತಾಗಲಿ, ಏಕೆಂದರೆ ಮುಂದೆ ಹೇಳುವುದೆಲ್ಲ ಅದೇ ಪುಕ್ಕಲುತನದ ಕಥೆ.

ಲೈಬ್ರರಿಯ ಆ ಕೋಣೆ ನಿನಗೆ ನೆನಪಿದೆಯೋ ಇಲ್ಲವೋ. ಏಳು ಕಂಪ್ಯೂಟರು, ಹದಿನೈದು ಸ್ಟೂಲು. ಮೂವತ್ತೊಂದು ಮಕ್ಕಳನ್ನು ಎರಡು ಪಾಳಿ ಮಾಡಿ, ಒಂದು ಪಾಳಿ ಕಪಾಟುಗಳ ಹತ್ತಿರ, ಇನ್ನೊಂದು ಪಾಳಿ ಕಂಪ್ಯೂಟರಿನ ಮುಂದೆ. ನಿನ್ನದು ಯಾವಾಗಲೂ ಕಿಟಕಿಯ ಪಕ್ಕದ್ದು. ಅದರ ಪರದೆಯ ಮೇಲೆ ಬಿಸಿಲು ಬೀಳುತ್ತದೆ, ಬೇರೆ ಕಡೆ ಕೂತುಕೋ ಎಂದರೆ ಕೇಳದೆ, ನೀನು ರಟ್ಟಿನ ತುಂಡೊಂದನ್ನು ಎಡಗೈಯಲ್ಲಿ ಅಡ್ಡ ಹಿಡಿದು ಬಲಗೈಯಲ್ಲಿ ಟೈಪು ಮಾಡುತ್ತಿದ್ದೆ. ಪ್ರತಿ ಮಂಗಳವಾರ ಮೂರನೆಯ ಪೀರಿಯಡ್ಡು ನಿಮ್ಮದು. ಶಾಲೆ ದುಡ್ಡು ಕಟ್ಟಿ ತರಿಸಿಕೊಂಡಿದ್ದ ಮಕ್ಕಳ ಆನ್‌ಲೈನ್ ಡೇಟಾಬೇಸಿನಲ್ಲಿ ಬೇಕಾದ್ದನ್ನು ಹುಡುಕುವುದು ಹೇಗೆಂದು ಕಲಿಸುವುದು ನನ್ನ ಕೆಲಸ.

ಬಯಲು ಇಂಟರ್‌ನೆಟ್ಟು ಸಂತೆಯಿದ್ದ ಹಾಗೆ, ಯಾರು ಬೇಕಾದರೂ ಏನು ಬೇಕಾದರೂ ಕೂಗಬಹುದು ಎಂದು ನಿಮಗೆ ಹೇಳುತ್ತಿದ್ದೆ. ಡೇಟಾಬೇಸು ಹಾಗಲ್ಲ, ತಿಳಿದವರು ಓದಿ, ತಿದ್ದಿ, ಜೋಡಿಸಿಟ್ಟ ಕಪಾಟು. ಇಡೀ ಪ್ರಶ್ನೆಯನ್ನು ಹೊಡೆಯಬೇಡಿ, ಎರಡು ಮೂರು ಮುಖ್ಯ ಪದ ಸಾಕು ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ಆದರೂ ನಿಮ್ಮ ತರಗತಿಯ ಒಬ್ಬ ಮಹಾನುಭಾವ ‘ತಿಮಿಂಗಿಲ ನಿದ್ದೆ ಮಾಡುವಾಗ ಮುಳುಗಲ್ವಾ ದಯವಿಟ್ಟು ಬೇಗ ಹೇಳಿ’ ಎಂದು ಹೊಡೆದು, ಉತ್ತರ ಬರಲಿಲ್ಲವೆಂದು ಅಳುತ್ತಾ ಕೂತಿದ್ದ. ನೀನು ಅವನ ಕೀಬೋರ್ಡನ್ನು ಕಿತ್ತುಕೊಂಡು, ‘ತಿಮಿಂಗಿಲ ನಿದ್ದೆ’ ಎಂದಷ್ಟೇ ಹೊಡೆದು, “ಅದಕ್ಕೆ ದಯವಿಟ್ಟು ಎಲ್ಲಾ ಅರ್ಥ ಆಗಲ್ಲ ಕಣೋ” ಎಂದು ಬುದ್ಧಿ ಹೇಳಿದ್ದೆ. ನನಗೆ ನಗು ತಡೆಯಲಾಗಿರಲಿಲ್ಲ.

ಪ್ರತಿ ಲೇಖನದ ಮೇಲೂ ಎಲೆಯ ಗುರುತಿರುತ್ತಿತ್ತು. ಒಂದೇ ವಿಷಯವನ್ನು ಮೂರು ಮಟ್ಟದಲ್ಲಿ ಬರೆದಿಡುತ್ತಿದ್ದರು. ಒಂದೆಲೆಯದು ಚಿಕ್ಕ ಮಕ್ಕಳಿಗೆ, ಎರಡೆಲೆಯದು ಸ್ವಲ್ಪ ದೊಡ್ಡವರಿಗೆ, ಮೂರೆಲೆಯದು ಹೈಸ್ಕೂಲಿಗೆ. ನಿಮ್ಮ ತರಗತಿಗೆ ಒಂದೆಲೆ ಮಾತ್ರ ತೆರೆದಿರುತ್ತಿತ್ತು. ಮಿಕ್ಕಿದ್ದಕ್ಕೆ ಬೀಗ, ಅದರ ಕೀಲಿ ನನ್ನ ಮೇಜಿನ ಕಂಪ್ಯೂಟರಿನಲ್ಲಿ. ಓದಿಸಿ ನೋಡಿ, ಅರ್ಥವಾಗುತ್ತದೆಂದು ನನಗೆ ಖಾತ್ರಿಯಾದ ಮೇಲೆಯೇ ಒಬ್ಬೊಬ್ಬರಿಗೆ ಮೇಲಿನ ಎಲೆ ತೆರೆಯುತ್ತಿದ್ದೆ. ಈ ನಿಯಮ ಮಾಡಿದವಳು ನಾನೇ. ನನಗೆ ನಿಯಮಗಳೆಂದರೆ ಪ್ರಾಣ, ಅವುಗಳ ಹಿಂದೆ ಅಡಗಿಕೊಳ್ಳಬಹುದು ನೋಡು.

ಯಾವ ಮಗು ಏನು ಹುಡುಕಿತು ಎಂಬ ಪಟ್ಟಿ ವಾರಕ್ಕೊಮ್ಮೆ ನನ್ನ ಪರದೆಯ ಮೇಲೆ ಬರುತ್ತಿತ್ತು. ಆ ವಾರ ನಿಮಗೆಲ್ಲ ಪೆಂಗ್ವಿನ್ನಿನ ಪ್ರಾಜೆಕ್ಟು. ಮೂವತ್ತು ಹೆಸರುಗಳ ಮುಂದೆ ಪೆಂಗ್ವಿನ್ ಮೊಟ್ಟೆ, ಪೆಂಗ್ವಿನ್ ಚಳಿ, ಪೆಂಗ್ವಿನ್ ಊಟ. ನಿನ್ನ ಹೆಸರಿನ ಮುಂದೆ ‘ಅಮ್ಮ ಹೊಟ್ಟೆ ಕ್ಯಾನ್ಸರ್ ವಾಸಿ’. ನಾನು ಕಲಿಸಿದ ಹಾಗೆಯೇ, ನೀನು ಬೇಡದ್ದನ್ನೆಲ್ಲ ತೆಗೆದು ಮುಖ್ಯ ಪದ ಮಾತ್ರ ಉಳಿಸಿದ್ದೆ. ನಿನ್ನ ಇಡೀ ಭಯವನ್ನು ನಾಲ್ಕು ಪದಕ್ಕೆ ಇಳಿಸಲು ಕಲಿಸಿದವಳು ನಾನೇ.

ಮುಂದಿನ ಮಂಗಳವಾರ, ಆ ಪದಗಳಿಗೆ ಸಿಕ್ಕ ಲೇಖನವನ್ನು ಪ್ರಿಂಟು ಮಾಡಿಕೊಡಿ ಎಂದು ನೀನೇ ಬಂದು ಕೇಳಿದೆ. ಒಂದೆಲೆಯ ಲೇಖನ, ಹನ್ನೆರಡು ಸಾಲು, ತಲೆಗೆ ಬಟ್ಟೆ ಕಟ್ಟಿಕೊಂಡು ನಗುತ್ತಿರುವ ಒಬ್ಬ ಹೆಂಗಸಿನ ಚಿತ್ರ. ‘ವೈದ್ಯರು ಹೇಳಿದಂತೆ ಔಷಧಿ ತೆಗೆದುಕೊಂಡರೆ ಹಲವರು ಗುಣಮುಖರಾಗುತ್ತಾರೆ’ ಎಂಬುದು ಅದರ ಕೊನೆಯ ಸಾಲು. ನೀನು ಅದರ ಮೇಲೆ ಬೆರಳಿಟ್ಟು, “ಹಲವರು ಅಂದ್ರೆ ನೂರಕ್ಕೆ ಎಷ್ಟು ಜನ ಮಿಸ್?” ಎಂದೆ. ತುಂಬಾ ಜನ ಎಂದೆ ನಾನು. ಆಮೇಲೆ ನೀನು ಬೀಗದ ಗುರುತನ್ನು ನೋಡಿ ಕೇಳಿದೆ, “ಮೂರೆಲೇಲಿ ಬೇರೆ ಏನಿದೆ?”

ನಾನು ಹಿಂದಿನ ದಿನವೇ ಮೂರೆಲೆಯದನ್ನು ಓದಿದ್ದೆ. ಮೂರು ಪುಟ. ಎರಡನೆಯ ಪುಟದ ಮಧ್ಯದಲ್ಲಿ ‘ಗುಣವಾಗದಿದ್ದಾಗ’ ಎಂಬ ಭಾಗ. ಕೆಲವೊಮ್ಮೆ ಔಷಧಿ ಉಪಯೋಗಕ್ಕೆ ಬರುವುದಿಲ್ಲ, ಆಗ ವೈದ್ಯರೂ ರೋಗಿಯೂ ಸೇರಿ ಅದನ್ನು ನಿಲ್ಲಿಸಲು ನಿರ್ಧರಿಸುತ್ತಾರೆ, ಅದು ರೋಗಿಯ ಸೋಲೂ ಅಲ್ಲ, ಅಸಡ್ಡೆಯೂ ಅಲ್ಲ ಎಂದು ಅಲ್ಲಿ ನಿಧಾನವಾಗಿ, ಮೆತ್ತಗೆ ಬರೆದಿತ್ತು. ನಾನು ನಿನಗೆ ಹೇಳಿದ್ದು, “ಅದೇ ಇದೆ ಪುಟ್ಟಾ. ದೊಡ್ಡ ದೊಡ್ಡ ಪದಗಳಲ್ಲಿ ಇದೆ, ಅಷ್ಟೇ.”

ನೀನು ನಂಬಿದೆ. ನಂಬದೆ ಇನ್ನೇನು ಮಾಡುತ್ತೀಯ? ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂದು ಹೇಳಿಕೊಡಲೆಂದೇ ಸಂಬಳ ಕೊಟ್ಟು ಇಟ್ಟುಕೊಂಡವಳು ನಾನು.

ಇದಾಗಿ ಎರಡು ವಾರಕ್ಕೆ ನಿನ್ನ ಅಮ್ಮ ನನ್ನ ಹತ್ತಿರ ಬಂದರು. ಇದು ನಿನಗೆ ಗೊತ್ತಿಲ್ಲ. ನಿನ್ನ ಅಪ್ಪನಿಗೂ ಗೊತ್ತಿಲ್ಲ. ನಿನಗೆ ಈ ಪತ್ರ ಬರೆಯುತ್ತಿರುವುದೇ ಇದಕ್ಕಾಗಿ, ದಯವಿಟ್ಟು ಇಲ್ಲಿಂದ ಮುಂದೆ ನಿಧಾನವಾಗಿ ಓದು.

ಅಂದು ಶುಕ್ರವಾರ, ಬೆಳಗಿನ ಹನ್ನೊಂದು ಗಂಟೆ. ನೀವೆಲ್ಲ ಮೈದಾನದಲ್ಲಿ ಆಟದ ಪೀರಿಯಡ್ಡಿನಲ್ಲಿದ್ದಿರಿ. ನಿನ್ನ ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಒಳಗೆ ಬಂದು, ನೀವು ಕೂರುವ ಆ ಗಿಡ್ಡ ಸ್ಟೂಲಿನ ಮೇಲೆ ಕೂತರು. ದೊಡ್ಡ ಕುರ್ಚಿ ಕೊಡುತ್ತೇನೆಂದರೆ ಬೇಡವೆಂದರು. ಒಂದೇ ಮಹಡಿ ಹತ್ತಿದ್ದಕ್ಕೆ ಐದು ನಿಮಿಷ ಮಾತೇ ಹೊರಡಲಿಲ್ಲ. ನಾನು ನೀರು ಕೊಟ್ಟೆ. ಉಸಿರು ತಹಬಂದಿಗೆ ಬಂದ ಮೇಲೆ ಚೀಲದಿಂದ ಆ ಪ್ರಿಂಟನ್ನು ತೆಗೆದರು. ಮಡಿಸಿ ಮಡಿಸಿ ನಡುವೆ ಹರಿಯುವಂತಾಗಿತ್ತು.

ಅವರು ಆಡಿದ ಮಾತು ನನಗೆ ಒಂದಕ್ಷರ ಬಿಡದೆ ನೆನಪಿದೆ. “ದಿನಾ ಸ್ಕೂಲಿಂದ ಬಂದವಳೇ ಮಾತ್ರೆ ತಗೊಂಡ್ಯಾ ಅಂತ ಕೇಳ್ತಾಳೆ ಮಿಸ್. ಡಾಕ್ಟ್ರು ಇನ್ನು ನಿಲ್ಸಿಬಿಡಿ, ಪ್ರಯೋಜನ ಇಲ್ಲ ಅಂದು ಹತ್ತು ದಿನ ಆಯ್ತು. ಅದನ್ನ ಅವಳಿಗೆ ಹೇಳೋಣ ಅಂತ ಎರಡು ಸಲ ಬಾಯಿ ತೆಗೆದೆ. ಎರಡು ಸಲಾನೂ ಈ ಕಾಗದ ತಂದು ಮುಂದೆ ಹಿಡಿದ್ಲು. ‘ನಿಂಗೇನೂ ಗೊತ್ತಿಲ್ಲ ಸುಮ್ನಿರಮ್ಮ, ಇದು ಲೈಬ್ರರಿ ಮಿಸ್ ಕೊಟ್ಟಿದ್ದು’ ಅಂದ್ಲು. ನನ್ನ ಮಾತಿಗಿಂತ ನಿಮ್ಮ ಕಾಗದ ದೊಡ್ಡದಾಗಿಬಿಟ್ಟಿದೆ.” ಇಷ್ಟು ಹೇಳಿ ನಕ್ಕರು. ನಿನ್ನ ನಗುವೂ ಹಾಗೆಯೇ ಇತ್ತು, ಒಂದು ಕಡೆಗೆ ವಾಲಿದ ನಗು.

ಆಮೇಲೆ ಹೇಳಿದರು, “ಈಗ ನಾನು ಸುಳ್ಳು ಹೇಳ್ತಿದೀನಿ. ತಗೊಂಡೆ ಕಣೇ ಅಂತೀನಿ. ಹೀಗೆ ಅವಳಿಗೆ ಸುಳ್ಳು ಹೇಳ್ತಾನೇ ಹೋಗಿಬಿಡೋಕೆ ನಂಗಿಷ್ಟ ಇಲ್ಲ. ಇದ್ರ ಮುಂದಿನ ಪುಟ ನಿಮ್ಮ ಹತ್ರ ಇದ್ದೇ ಇರುತ್ತಲ್ವಾ? ಅದನ್ನ ಅವಳಿಗೆ ತೋರಿಸಿ. ಪಕ್ಕದಲ್ಲಿ ಕೂತ್ಕೊಂಡು ಓದ್ಸಿ. ಆಮೇಲೆ ನನ್ನ ಹತ್ರ ಕಳಿಸಿಕೊಡಿ. ಉಳಿದಿದ್ದು ನಾನು ಹೇಳ್ತೀನಿ.” ನಿನ್ನ ಅಪ್ಪನಿಗೆ ಇದು ತಿಳಿಯುವುದು ಬೇಡ, ಅವರು ಮಗುವಿಗೆ ಏನೂ ಹೇಳಕೂಡದೆಂದು ಹಟ ಹಿಡಿದಿದ್ದಾರೆ ಎಂದೂ ಅಂದರು. ನಾನು ಅವರ ಕೈ ಹಿಡಿದುಕೊಂಡು, ಬರುವ ಮಂಗಳವಾರವೇ ತೋರಿಸುತ್ತೇನೆ ಎಂದು ಮಾತು ಕೊಟ್ಟೆ. ಮೆಟ್ಟಿಲಿಳಿಯುವಾಗ ಅವರ ತೋಳು ಹಿಡಿದುಕೊಂಡಿದ್ದೆ. ಗೇಟಿನ ಹತ್ತಿರ ನಿಂತು ಮೈದಾನದಲ್ಲಿ ನೀನೆಲ್ಲಿದ್ದೀಯೆಂದು ಹುಡುಕಿದರು. ನೀನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಯಾರನ್ನೋ ಹಿಡಿಯಲು ಓಡುತ್ತಿದ್ದೆ. ಕರೆಯಲಾ ಎಂದೆ. ಬೇಡ, ಆಡಲಿ ಎಂದರು.

ಅವರು ನಿನಗೆ ಹೇಳಲು ಬಯಸಿದ್ದರು, ಮಗಳೇ. ಮೆಟ್ಟಿಲು ಹತ್ತಲಾಗದ ಸ್ಥಿತಿಯಲ್ಲಿ ಮೆಟ್ಟಿಲು ಹತ್ತಿ ಬಂದು ಹೇಳಿಸಲು ನೋಡಿದರು.

ಮಂಗಳವಾರ ಬಂತು. ನಿನಗೆ ಮೂರೆಲೆಯ ಬೀಗ ತೆಗೆದಿಟ್ಟು ನಿನ್ನ ಪಕ್ಕ ಬಂದು ಕೂತೆ. ಮೌಸಿನ ಮೇಲೆ ಕೈಯಿಟ್ಟೆ. ಅಷ್ಟರಲ್ಲಿ ನೀನು, “ಮಿಸ್, ಇವತ್ತು ಅಮ್ಮ ತಾನೇ ಎದ್ದು ನಂಗೆ ಜಡೆ ಹಾಕಿದ್ಲು!” ಎಂದು ತಲೆ ತಿರುಗಿಸಿ ತೋರಿಸಿದೆ. ಒಂದು ಜಡೆ ಮೇಲೆ, ಒಂದು ಕೆಳಗೆ. ನಿನ್ನ ಮುಖ ಅಷ್ಟು ಅರಳಿತ್ತು. ನನ್ನ ಕೈ ಮೌಸಿನಿಂದ ತಾನಾಗಿ ಸರಿಯಿತು. ಇವತ್ತು ಬೇಡ, ಇಂಥ ದಿನ ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಪೆಂಗ್ವಿನ್ನುಗಳು ಸಾವಿರಾರು ಮರಿಗಳ ನಡುವೆ ತಮ್ಮ ಮರಿಯ ದನಿಯನ್ನು ಗುರುತು ಹಿಡಿಯುತ್ತವೆ ಎಂಬ ಲೇಖನ ತೋರಿಸಿ ಎದ್ದುಬಿಟ್ಟೆ. ನನ್ನ ಮೇಜಿಗೆ ಹೋಗಿ ಬೀಗವನ್ನು ಮತ್ತೆ ಹಾಕಿದೆ.

ಅದರ ಮುಂದಿನ ಮಂಗಳವಾರ ನಾನು ಜ್ವರವೆಂದು ರಜೆ ಹಾಕಿದೆ. ಜ್ವರ ಇರಲಿಲ್ಲ. ಮನೆಯಲ್ಲಿ ಕೂತು ಹಳೆಯ ಪತ್ರಿಕೆಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆ. ಹನ್ನೊಂದಕ್ಕೆ ನೀವು ಲೈಬ್ರರಿಗೆ ಬಂದು ಬಾಗಿಲು ಮುಚ್ಚಿರುವುದನ್ನು ನೋಡಿ ಹೋಗಿರುತ್ತೀರಿ ಎಂದು ಗಡಿಯಾರ ನೋಡಿದ್ದು ನೆನಪಿದೆ. ಈ ಮಾತನ್ನು ಬರೆಯಲು ನಾಚಿಕೆಯಾಗುತ್ತಿದೆ.

ನನಗೆ ಒಂಬತ್ತು ವರ್ಷವಾಗಿದ್ದಾಗ ನನ್ನ ಅಪ್ಪ ಹೋದ ಸುದ್ದಿಯನ್ನು ಪಕ್ಕದ ಮನೆಯ ಹೆಂಗಸೊಬ್ಬರು ಗೇಟಿನಲ್ಲಿ ನಿಲ್ಲಿಸಿ ಹೇಳಿದ್ದರು. ಕೈಯಲ್ಲಿ ತರಕಾರಿ ಚೀಲ. ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿ, ಪಾಪ ಎಂದು ಹೋದರು. ಅಂಥ ಮಾತನ್ನು ಮಗುವಿನ ಕಿವಿಗೆ ಹಾಕುವವಳು ನಾನಾಗಬಾರದು ಎಂದು ಜೀವನವಿಡೀ ಅಂದುಕೊಂಡಿದ್ದೆ. ಇದನ್ನು ನೆಪವಾಗಿ ಹೇಳುತ್ತಿಲ್ಲ, ನಿನಗೆ ಗೊತ್ತಿರಲಿ ಎಂದು ಹೇಳಿದೆ. ನಿನ್ನ ಅಮ್ಮ ಕೇಳಿದ್ದು ಒಂದೇ ವಾಕ್ಯದಲ್ಲಿ ಹೇಳಿ ಹೋಗು ಎಂದಲ್ಲವಲ್ಲ. ಪಕ್ಕದಲ್ಲಿ ಕೂತುಕೋ ಎಂದು ತಾನೇ.

ಮೂರನೆಯ ಮಂಗಳವಾರ ಗಟ್ಟಿ ಮನಸ್ಸು ಮಾಡಿಕೊಂಡು ಬಂದೆ. ಬೀಗ ತೆಗೆದೆ, ಆ ಮೂರು ಪುಟವನ್ನು ಪ್ರಿಂಟು ಕೂಡ ಮಾಡಿದೆ. ಮಕ್ಕಳು ಸಾಲಾಗಿ ಒಳಗೆ ಬಂದರು. ಕಿಟಕಿಯ ಪಕ್ಕದ ಸ್ಟೂಲು ಖಾಲಿ. ಭಾನುವಾರ ಬೆಳಿಗ್ಗೆಯೇ ನಿನ್ನ ಅಮ್ಮ ತೀರಿಕೊಂಡರೆಂದು ನಿಮ್ಮ ಕ್ಲಾಸ್ ಟೀಚರು ನನ್ನ ಕಿವಿಯಲ್ಲಿ ಹೇಳಿದರು. ಆ ಮೂರು ಪುಟವನ್ನು ಮೇಜಿನ ಡ್ರಾಯರಿಗೆ ಹಾಕಿ ಪಾಠ ಶುರು ಮಾಡಿದೆ.

ನೀನು ಮತ್ತೆ ಬಂದದ್ದು ಒಂದು ತಿಂಗಳಾದ ಮೇಲೆ, ಅದೂ ಬೀಳ್ಕೊಳ್ಳಲು. ಅಪ್ಪನಿಗೆ ಬೇರೆ ಊರಿಗೆ ವರ್ಗವಾಗಿತ್ತು. ಹೆಸರು, ಪಾಸ್‌ವರ್ಡು ಬರೆದ ನಿನ್ನ ಕಾರ್ಡನ್ನು ವಾಪಸು ಕೊಡಲು ಬಂದಿದ್ದೆ. ಬಾಗಿಲು ದಾಟುವ ಮೊದಲೇ ಮಾತಾಡುತ್ತಿದ್ದವಳು ಮೇಜಿನ ಮುಂದೆ ಸುಮ್ಮನೆ ನಿಂತೆ. ಆಮೇಲೆ ಹೇಳಿದೆ, “ಡೇಟಾಬೇಸಲ್ಲಿ ಸರಿಯಾಗೇ ಇತ್ತು ಮಿಸ್. ಔಷಧಿ ತಗೊಂಡ್ರೆ ವಾಸಿಯಾಗ್ತಿತ್ತು. ಅಮ್ಮ ತಗೊಂಡಿರಲಿಲ್ಲ. ಅವಳ ಡ್ರಾಯರಲ್ಲಿ ಮಾತ್ರೆ ಹಾಗೇ ಇತ್ತು. ತಗೊಂಡೆ ಅಂತ ನಂಗೆ ಸುಳ್ಳು ಹೇಳಿದ್ಲು.”

ನೀನು ನನ್ನನ್ನು ಸಮಾಧಾನ ಮಾಡುತ್ತಿದ್ದೆ, ಚಿನಕುರಳಿ. ನೀವು ಕೊಟ್ಟ ಕಾಗದ ತಪ್ಪಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದು. ಆ ಮೂರು ಪುಟ ಆಗಲೂ ನನ್ನ ಡ್ರಾಯರಿನಲ್ಲಿಯೇ ಇತ್ತು, ಒಂದು ಮಾರು ದೂರದಲ್ಲಿ. ಎಳೆದು ತೆಗೆದಿದ್ದರೆ ಸಾಕಿತ್ತು. ನಾನು ಕಾರ್ಡು ಇಸಕೊಂಡು, ಚೆನ್ನಾಗಿ ಓದು ಎಂದೆ. ನನ್ನ ಜೀವನದಲ್ಲಿ ಆಡಿದ ಅತ್ಯಂತ ಕೀಳು ಮಾತು ಅದೇ.

ನೀನು ದೊಡ್ಡವಳಾದ ಮೇಲೆ ಔಷಧಿ ಯಾಕೆ ನಿಂತಿತ್ತೆಂಬುದನ್ನು ಅಪ್ಪ ಹೇಳಿದರಂತೆ, ನೀನೂ ಓದಿ ತಿಳಿದುಕೊಂಡೆಯಂತೆ. ಮಾತ್ರೆಯ ಸಿಟ್ಟು ಹೋಯಿತು, ಹೇಳಲಿಲ್ಲವೆಂಬ ಸಿಟ್ಟು ಉಳಿಯಿತು. ಅದು ಎಷ್ಟು ದೊಡ್ಡದು ಎಂಬುದು ನನಗೆ ಅರ್ಥವಾಗುತ್ತದೆ. ಅವರು ಎರಡು ಸಲ ಬಾಯಿ ತೆಗೆದದ್ದು ಈಗ ನಿನಗೆ ನೆನಪಾಗಬಹುದು, ನೀನು ಕಾಗದ ಹಿಡಿದು ಸುಮ್ಮನಿರಿಸಿದ್ದೂ ನೆನಪಾಗಬಹುದು. ಆ ನೆನಪನ್ನು ನಿನ್ನ ತಲೆಯ ಮೇಲೆ ಹೊತ್ತುಕೊಳ್ಳಬೇಡ. ನಿನಗಾಗ ಹತ್ತು ವರ್ಷ. ಅಚ್ಚಾದದ್ದನ್ನು ನಂಬು ಎಂದು ಹೇಳಿಕೊಟ್ಟದ್ದನ್ನು ನೀನು ಚಾಚೂ ತಪ್ಪದೆ ಮಾಡಿದೆ, ಅಷ್ಟೇ. ತಪ್ಪೇನಿದ್ದರೂ ಅದು ಕಲಿಸಿದವಳದ್ದು.

ನಾನಿನ್ನೂ ಅದೇ ಕೋಣೆಯಲ್ಲಿದ್ದೇನೆ. ಬರುವ ವರ್ಷ ನಿವೃತ್ತಿ. ಯಾರು ಬರೆದರು, ಯಾವಾಗ ಬರೆದರು ಎಂದು ಕೇಳಿಕೊಳ್ಳಿ ಎಂದಷ್ಟೇ ನಿಮಗೆ ಕಲಿಸುತ್ತಿದ್ದೆ. ನೀನು ಹೋದ ಮೇಲೆ ಬಂದ ಪ್ರತಿಯೊಂದು ತರಗತಿಗೂ ಇನ್ನೊಂದು ಪ್ರಶ್ನೆ ಕಲಿಸಿದ್ದೇನೆ: ಇದರಲ್ಲಿ ಏನನ್ನು ಬಿಟ್ಟಿದ್ದಾರೆ? ಮಕ್ಕಳು ತುಂಟರು, ಲೈಬ್ರರಿಯ ನಿಯಮಗಳ ಬೋರ್ಡನ್ನು ತೋರಿಸಿಯೂ ಅದನ್ನೇ ಕೇಳುತ್ತಾರೆ. ಮೇಲಿನ ಎಲೆಯಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತೇನೆ. ಅದರಿಂದ ನಿನಗೆ ಕವಡೆಯಷ್ಟೂ ಲಾಭವಿಲ್ಲ ಎಂಬುದು ನನಗೆ ಗೊತ್ತು.

ನನ್ನನ್ನು ಹಗಲೂ ರಾತ್ರಿ ತಿನ್ನುವುದು ಇನ್ನೊಂದು. ಉಳಿದಿದ್ದು ನಾನು ಹೇಳ್ತೀನಿ ಎಂದರಲ್ಲ ನಿನ್ನ ಅಮ್ಮ, ಆ ಉಳಿದಿದ್ದು ಏನು ಎಂದು ನಾನು ಕೇಳಲಿಲ್ಲ. ಅದು ಮಗಳಿಗೆಂದು ತೆಗೆದಿಟ್ಟ ಮಾತು, ನಾನು ಮೂಗು ತೂರಿಸಬಾರದು ಎಂದುಕೊಂಡೆ. ಶುಕ್ರವಾರದಿಂದ ಎರಡು ವಾರ ಅವರು ಆ ಮಾತನ್ನು ಬಾಯಲ್ಲಿಟ್ಟುಕೊಂಡು ಕಾದಿದ್ದಾರೆ. ನೀನು ಶಾಲೆಯಿಂದ ಬಂದು ಚೀಲ ಎಸೆದಾಗಲೆಲ್ಲ, ಇವತ್ತು ಇವಳಿಗೆ ಗೊತ್ತಾಗಿದೆಯೇ ಎಂದು ನಿನ್ನ ಮುಖ ನೋಡಿದ್ದಾರೆ. ಗೊತ್ತಾಗಿಲ್ಲವೆಂದು ಕಂಡು, ಮಾತ್ರೆ ತಗೊಂಡೆ ಎಂದು ಮತ್ತೊಂದು ದಿನ ಸುಳ್ಳು ಹೇಳಿದ್ದಾರೆ. ಅವರು ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದರು ಎನ್ನುತ್ತೀಯಲ್ಲ, ಅವರು ನೋಡುತ್ತಿದ್ದದ್ದು ಅದಕ್ಕಾಗಿ. ಆ ಮಾತು ಏನಿತ್ತೆಂದು ನಿನಗೆ ತಂದುಕೊಡಲು ನನ್ನಿಂದ ಸಾಧ್ಯವಿಲ್ಲ. ಯಾವ ಕಪಾಟಿನಲ್ಲೂ ಅದು ಸಿಗುವುದಿಲ್ಲ. ಮಾತು ಇತ್ತು ಎಂದಷ್ಟೇ ಹೇಳಬಲ್ಲೆ, ಮತ್ತು ಅದು ನಿನ್ನದಾಗಿತ್ತು.

ಕ್ಷಮಿಸು ಎಂದು ಕೇಳಲು ಈ ಪತ್ರ ಬರೆದಿಲ್ಲ. ಸಿಟ್ಟು ಬಿಡು ಎಂದೂ ಹೇಳುವುದಿಲ್ಲ, ಹನ್ನೆರಡು ವರ್ಷ ಸಾಕಿದ ಸಿಟ್ಟು ಹೇಳಿದ ಕೂಡಲೇ ಬಿಟ್ಟುಹೋಗುವುದಿಲ್ಲ. ನಾನು ಬೇಡುವುದು ಒಂದನ್ನೇ. ಅದನ್ನು ಅವರ ಮೇಲಿಂದ ತೆಗೆದು ನನ್ನ ಮೇಲೆ ಹಾಕು. ಅಷ್ಟೂ ಹಾಕು, ಒಂದಿಷ್ಟೂ ಉಳಿಸಬೇಡ. ಆಮೇಲೆ ಫೋಟೋ ಇರುವ ಆ ಕೋಣೆಗೆ ಹೋಗಿ ಅಮ್ಮನ ಎದುರು ಸ್ವಲ್ಪ ಹೊತ್ತು ಕೂತುಕೋ.

ನೀನು ಎಲ್ಲಿದ್ದರೂ ತಂಪಾಗಿರು, ಮಗಳೇ. ನಿನಗೆ ಸೇರಬೇಕಾದ ಮಾತನ್ನು ಇನ್ನು ಮುಂದೆ ಯಾರೂ ತಡೆಹಿಡಿಯದಿರಲಿ.

ನಿನ್ನ ಅಮ್ಮನಿಗೆ ಕೊಟ್ಟ ಮಾತನ್ನು ಹನ್ನೆರಡು ವರ್ಷ ತಡವಾಗಿ ನಡೆಸುತ್ತಿರುವ,
ಲೈಬ್ರರಿ ಮಿಸ್